ಟ್ರಂಕಿನ ಘಾಟು

ಜೂನ್ 14, 1966. ವಡೋದರಾ

ಇವತ್ತು ನನ್ನ ಟ್ರಂಕಿಗೆ ಅರವತ್ತು ಮಂದಿ ಬಿಡಾರಕ್ಕೆ ಬಂದರು. ಖಾಲಿ ಕಾಡತೂಸುಗಳು. ಕಾಗದದವಲ್ಲ, ಹಿತ್ತಾಳೆಯವು. ಒಮ್ಮೆ ಹಾರಿಸಿದ ಮೇಲೆ ಒರೆಸಿ, ಮತ್ತೆ ತುಂಬಿ, ಮತ್ತೆ ಹಾರಿಸಬಹುದು. ಹೊರದೇಶದ ಮಾಲು ಬರುವುದು ನಿಂತ ಮೇಲೆ ಇವಕ್ಕೆ ಎಲ್ಲಿಲ್ಲದ ಬೆಲೆ.

ಮಗ ಸದಾಶಿವ ಕೆಲಸಕ್ಕಿರುವ ಬಂದೂಕಿನ ಅಂಗಡಿಯ ಹಿಂದಿನ ಕೋಣೆ ಮೊದಲ ಮಳೆಗೇ ಸೋರಿತಂತೆ. ಮಾಲೀಕ ಫರಾಮ್ಜಿ ಶೇಠ್ ಮದ್ದನ್ನೂ ಅದಕ್ಕೆ ಕಿಡಿ ಕೊಡುವ ಕೇಪುಗಳನ್ನೂ ತನ್ನ ಕಬ್ಬಿಣದ ಕಪಾಟಿನಲ್ಲಿಟ್ಟುಕೊಂಡು, ಖಾಲಿ ಹಿತ್ತಾಳೆಯನ್ನು ಮಳೆಗಾಲ ಮುಗಿಯುವತನಕ ನಿಮ್ಮ ಮನೆಯಲ್ಲಿಡು ಎಂದು ಕೊಟ್ಟು ಕಳಿಸಿದ್ದಾನೆ.

ಸೊಸೆ ವಿಮಲಾ ಅಡುಗೆಮನೆಯ ಹಲಗೆ ತೋರಿಸಿದಳು.

"ಹಲಗಿ ಮ್ಯಾಲೆ ಇಡಾಕ ಇದೇನು ನಿನ್ನ ತವರುಮನಿ ಉಪ್ಪಿನಕಾಯಿ ಏನ?" ಎಂದೆ. ಅವಳಿಗೇನು ಗೊತ್ತು? ಬೆಳಗಾವಿ ಕ್ಯಾಂಪಿನಲ್ಲಿ ನಮ್ಮವರು ಸಾಹೇಬರ ಬಂದೂಕು ರಿಪೇರಿ ಮಾಡಿ, ಕಾಡತೂಸು ತುಂಬುತ್ತಿದ್ದಾಗ ಮೂವತ್ತು ವರ್ಷ ಪಕ್ಕದಲ್ಲಿ ಕೂತು ಅದರೊಳಗೆ ಅಮುಕುವ ರಟ್ಟಿನ ಬಿಲ್ಲೆ ಕತ್ತರಿಸಿದವಳು ನಾನು. ಮಳೆಗಾಲದಲ್ಲಿ ಯಾವುದು ಹೇಗೆ ಕೆಡುತ್ತದೆ ಎಂಬುದು ನನಗೆ ಅಂಗೈ ಗೆರೆಯ ಹಾಗೆ ಗೊತ್ತು. ಕಾಗದದ ಕಾಡತೂಸು ಉಬ್ಬಿ ನಳಿಗೆಯೊಳಗೆ ಹೋಗುವುದಿಲ್ಲ. ಸೀಸದ ಚರೆ ಬೂದಿ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಕೇಪು ಸತ್ತುಹೋಗುತ್ತದೆ. ಮೂರನೇ ಇಯತ್ತೆ ಓದಿದ್ದು ಅಷ್ಟೇ ಆದರೂ ಈ ವಿದ್ಯೆಯಲ್ಲಿ ನನ್ನನ್ನು ಫೇಲು ಮಾಡುವವರಿಲ್ಲ.

ನಮ್ಮವರ ಟ್ರಂಕಿನ ಮುಚ್ಚಳ ಎಷ್ಟು ಬಿಗಿ ಎಂದರೆ ಗಾಳಿಯೂ ನನ್ನನ್ನು ಕೇಳಿಯೇ ಒಳಗೆ ಹೋಗಬೇಕು. ಅವರ ಧೋತರ, ನನ್ನ ಧಾರೆ ಸೀರೆ, ಕುಂಕುಮದ ಹಿತ್ತಾಳೆ ಭರಣಿ, ಕಲಾಯಿಗೆಂದು ಗದಗಿನಿಂದ ತಂದ ನವಸಾಗರದ ಪೊಟ್ಟಣ, ಎಲ್ಲ ಅದರಲ್ಲೇ. ಇಲ್ಲಿನ ಕಲಾಯಿಯವ ನವಸಾಗರ ಹಾಕಿದ ಹಾಗೆ ಮಾಡಿ ಬರೀ ಹೊಗೆ ತೋರಿಸುತ್ತಾನೆ, ಅದಕ್ಕೇ ನನ್ನದು ನನಗೆ. ಧೋತರದ ಮೇಲೆ ಕಾಡತೂಸು ಸಾಲಾಗಿ ನಿಲ್ಲಿಸಿದೆ. ಪಕ್ಕಕ್ಕೆ ಸುಡುಸುಣ್ಣದ ಗಂಟು ಇಟ್ಟೆ. ಅವರು ಹಾಗೇ ಇಡುತ್ತಿದ್ದರು. ಸುಣ್ಣ ಥಂಡಿಯನ್ನೆಲ್ಲ ಕುಡಿದುಬಿಡುತ್ತದೆ.

ಕೀಲಿ ನನ್ನ ಸೊಂಟದಲ್ಲಿ.

ಜುಲೈ 9

ಐದು ದಿನದಿಂದ ಬಿಟ್ಟೂಬಿಡದ ಮಳೆ. ಗೋಡೆ ಬೆವರುತ್ತಿದೆ. ಬೇಳೆಗೆ ಬೆಲ್ಲ ಹಾಕುವ ಈ ಊರಿನಲ್ಲಿ ಮಳೆಯೂ ಅಂಟಂಟು.

ಟ್ರಂಕು ತೆಗೆದೆ. ಮೂಗಿಗೆ ರಪ್ಪನೆ ಹೊಡೆಯಿತು. ಉಚ್ಚೆಯ ಘಾಟು! ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ಟ್ರಂಕಿಗೆ ಆತುಕೊಂಡೇ ಮೊಮ್ಮಗಳು ನಳಿನಿಯ ಹಾಸಿಗೆ. ಮೂರು ತುಂಬಿದರೂ ರಾತ್ರಿ ಒದ್ದೆ ಮಾಡುವುದು ಬಿಟ್ಟಿಲ್ಲ.

ನಮ್ಮವರು ಒಂದು ಮಾತು ಹೇಳುತ್ತಿದ್ದರು. ಹಿತ್ತಾಳೆ ಕಾಡತೂಸು ಎಲ್ಲಿ ಬೇಕಾದರೂ ಇಡು, ಕುದುರೆ ಲಾಯದ ಹತ್ತಿರ ಮಾತ್ರ ಬೇಡ, ಮಳೆಗಾಲದಲ್ಲಿ ಉಚ್ಚೆಯ ಘಾಟು ಹಿತ್ತಾಳೆಯನ್ನು ಸೀಳುತ್ತದೆ. ನಾನು ನಗುತ್ತಿದ್ದೆ. "ಹಿತ್ತಾಳಿಗೂ ಮಡಿ ಮೈಲಿಗಿ ಐತೇನ್ರಿ?" ಎನ್ನುತ್ತಿದ್ದೆ. ಇವತ್ತು ಆ ಮಾತು ನೆನಪಾಯಿತು.

ಕೂಸನ್ನು ಎಳೆದುಕೊಂಡು ಬಂದು ಬೆನ್ನಿಗೆ ಎರಡು ಕೊಟ್ಟೆ. "ಮೇಂ ನಥೀ ಕರ್ಯುಂ, ಮೇಂ ನಥೀ ಕರ್ಯುಂ" ಎಂದು ಚೀರಿದಳು. ನಾನು ಮಾಡಿಲ್ಲ, ಮಾಡಿಲ್ಲ ಎಂದು. ಸುಳ್ಳು ಹೇಳುವುದೂ ಗುಜರಾತಿಯಲ್ಲೇ.

ವಿಮಲಾ ಓಡಿ ಬಂದಳು. "ಹಾಸಿಗಿ ಇವತ್ತು ಒಣಗೇ ಇತ್ತರಿ ಅತ್ತೀ."

"ಹಂಗಾದರ ನಾನೇ ಮಾಡೇನೇನ?"

ಅವಳು ಕೂಸಿನ ಬೆನ್ನು ಸವರತೊಡಗಿದಳು.

ಜುಲೈ 10

ಕೂಸಿನ ಹಾಸಿಗೆ ಆಚೆ ಕೋಣೆಗೆ ಹೋಯಿತು. ಹಳೆಯ ಸುಣ್ಣ ಹಿಟ್ಟಾಗಿತ್ತು. ಹೊಸ ಸುಣ್ಣ ತರಿಸಿ ಎರಡರಷ್ಟು ಇಟ್ಟೆ. ಈಗ ನೆಮ್ಮದಿ.

ಸೆಪ್ಟೆಂಬರ್ 18

ಮಳೆ ಹಿಂದೆ ಸರಿಯಿತು. ಬಿಡಾರದವರು ಹೊರಟರು.

ಸದಾಶಿವ ಒಂದನ್ನು ಬೆಳಕಿಗೆ ಹಿಡಿದು, "ಅವ್ವಾ, ಹಸರು ಹತ್ತೇತಿ ನೋಡು" ಎಂದ. ಅಲ್ಲಲ್ಲಿ ಪಾಚಿಯ ಹಾಗೆ ಹಸಿರು, ನೀಲಿ ಕಲೆ.

"ಹಿತ್ತಾಳಿ ಅಂದಮ್ಯಾಲೆ ಹಸರು ಹತ್ತದ ಏನು ಅರಿಷಿಣ ಹತ್ತತೈತೇನು? ಕೊಡು ಇಲ್ಲೆ."

ಹುಣಸೆಹುಳಿ, ಬೂದಿ ಹಾಕಿ ಮಧ್ಯಾಹ್ನವೆಲ್ಲ ತಿಕ್ಕಿದೆ. ದೇವರ ಸಾಮಾನು ಬೆಳಗಿದ ಹಾಗೆ ಬೆಳಗಿದೆ. ಬಿಸಿಲಿಗಿಟ್ಟಾಗ ಓಣಿಯ ಹೆಂಗಸರು "ನಾಗಾಬಾ, ಸೋನುಂ ಛೆ?" ಎಂದು ಕೇಳಿದರು, ಬಂಗಾರವೇ ಎಂದು. ಸದಾಶಿವ ಒಂದೊಂದನ್ನೂ ತಿರುಗಿಸಿ ನೋಡಿ, "ಅಪ್ಪನ ಕಾಲದಾಗಿನ ಮಾಲಿನಂಗ ಆದವು" ಎಂದ. ಬಹಳ ದಿನದ ಮೇಲೆ ನನಗೂ ಎದೆ ತುಂಬಿತು.

ಅರವತ್ತರಲ್ಲಿ ಐವತ್ತೆಂಟೇ ಸಿಕ್ಕವು. ಎರಡನ್ನು ಕೂಸು ಎಲ್ಲೋ ಆಡಲು ಒಯ್ದಿರಬೇಕು.

ಅಕ್ಟೋಬರ್ 20

ದಸರೆಯ ಖಂಡೆ ಪೂಜೆಗೆಂದು ನಮ್ಮವರ ಸುತ್ತಿಗೆ, ಅರ, ಚಿಮಟ ತೊಳೆಯುತ್ತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಸದಾಶಿವ ಬಂದು ಚಪ್ಪಲಿ ಹಾಕಿಕೊಂಡೇ ಕಟ್ಟೆಯ ಮೇಲೆ ಕೂತ.

ಮಹೀ ನದಿಯ ದಂಡೆಗೆ ಹೊಲವಿರುವ ರಣಛೋಡಭಾಯಿ ಎಂಬ ರೈತ, ಬೆಳೆಗೆ ನುಗ್ಗುವ ನೀಲಗಾಯಿಗಳನ್ನು ಬೆದರಿಸಲು ನಮ್ಮ ಅಂಗಡಿಯಿಂದ ಹತ್ತು ಕಾಡತೂಸು ಒಯ್ದಿದ್ದ. ನಿನ್ನೆ ಸಂಜೆ ಒಂದನ್ನು ಹಾರಿಸಿದಾಗ ಬೆಂಕಿ ಮುಂದೆ ಹೋಗುವ ಬದಲು ಹಿಂದಕ್ಕೆ ಬಂತಂತೆ. ಬಲಗಣ್ಣು. ದೊಡ್ಡ ಆಸ್ಪತ್ರೆಯಲ್ಲಿದ್ದಾನೆ. ಉಳಿಯುವುದಿಲ್ಲ ಎಂದಿದ್ದಾರೆ, ಕಣ್ಣು.

ಆ ಕಾಡತೂಸು ತುಂಬಿದವನು ನನ್ನ ಮಗ.

ಅಕ್ಟೋಬರ್ 23

ಅಂಗಡಿಗೆ ಪೊಲೀಸರು ಮೊಹರು ಹಾಕಿದರು. ಅಂಗಡಿಯಲ್ಲಿದ್ದದ್ದು, ರಣಛೋಡಭಾಯಿಯ ಮನೆಯಲ್ಲಿ ಉಳಿದದ್ದು ಎಲ್ಲ ಕಟ್ಟಿ ಅಹಮದಾಬಾದಿಗೆ ಕಳಿಸಿದ್ದಾರೆ. ಒಡೆದು ಒಳಗಿನ ಮದ್ದು ತೂಗುತ್ತಾರಂತೆ. ಹೆಚ್ಚು ತುಂಬಿದ್ದು ಕಂಡರೆ ಸದಾಶಿವನ ಮೇಲೆ ಖಟ್ಲೆ. ಈಗಲೇ ದಿನಾ ಠಾಣೆಗೆ ಹೋಗಿ ಕೂರಬೇಕು.

ಮದ್ದು ಅಳೆಯುವ ಚಮಚವನ್ನೂ ಒಯ್ದರು. ಕೊಂಬಿನ ಹಿಡಿಯದು, ನಮ್ಮವರ ಕೈಯದು. ಅದು ಮೂವತ್ತು ವರ್ಷ ತಪ್ಪಿದ್ದಿಲ್ಲ.

ನನ್ನ ಮಗನ ಕೈಯೂ ತಪ್ಪುವುದಿಲ್ಲ. ಆ ರೈತನ ಬಂದೂಕಿನ ನಳಿಗೆಯಲ್ಲಿ ಮಣ್ಣು ಕೂತಿರಬೇಕು. ಇಲ್ಲವೇ ಆ ಶೇಠ್ ಸೋರುವ ಕೋಣೆಯಲ್ಲಿ ನೆಂದ ಮದ್ದನ್ನು ಒಣಗಿಸಿ ಕೊಟ್ಟಿರಬೇಕು. ಇಲ್ಲವೇ ವಿಮಲಾ. ಇವನು ಕಾಡತೂಸು ತುಂಬುತ್ತ ಕೂತಿದ್ದ ದಿನವೇ ಕೂಸಿಗೆ ಜ್ವರ ಎಂದು ಅಂಗಡಿಗೆ ಹೇಳಿಕಳಿಸಿದವಳು ಅವಳೇ. ಕೈಯಲ್ಲಿ ಮದ್ದು ಹಿಡಿದವನಿಗೆ ಮನೆಯ ಗೋಳು ಮುಟ್ಟಿಸುತ್ತಾರೆಯೇ? ಅದನ್ನೇ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ನಿಲ್ಲಿಸಿ, ಮತ್ತೆ ಬಡಿಯತೊಡಗಿದಳು.

ಅಕ್ಟೋಬರ್ 29

ಸದಾಶಿವ ಉಣ್ಣುವುದಿಲ್ಲ. ಕೂತಲ್ಲಿ ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ, ಬೇರೆ ಯಾರದೋ ಕೈ ಎಂಬಂತೆ.

"ಜ್ವರದ ಸುದ್ದಿ ಬಂದಾಗ ಕೈಯಾಗ ಒಂದು ಕಾಡತೂಸು ಇತ್ತು ಅವ್ವಾ. ಅದಕ್ಕ ಮದ್ದು ಹಾಕಿದ್ದೆನೋ ಇಲ್ಲೋ ಅಂತ ಮತ್ತೊಮ್ಮೆ ಹಾಕಿರಬೇಕು. ಎಷ್ಟು ನೆನಸಿದರೂ ನೆನಪಾಗವಲ್ದು."

"ನೆನಪಾಗವಲ್ದು ಅಂದರ ಮಾಡಿಲ್ಲ ಅಂತ ಅರ್ಥ."

"ಒಬ್ಬಾಂವನ ಕಣ್ಣು ಹೋಗೇತಿ ಅವ್ವಾ."

ಮಕರಪುರದ ಕಾರ್ಖಾನೆಯಲ್ಲಿ ಗಾಡಿ ತಳ್ಳುವ ಕೆಲಸಕ್ಕೆ ಕೇಳಿಕೊಂಡು ಬಂದಿದ್ದಾನೆ. ಈ ಕೈಯನ್ನು ಇನ್ನು ನಂಬುವುದಿಲ್ಲವಂತೆ.

ನವೆಂಬರ್ 6

ಹಬ್ಬಕ್ಕೆಂದು ಟ್ರಂಕು ತೆಗೆದು ಧೋತರ ಕೊಡವಿದೆ. ಮಡಿಕೆಯಿಂದ ಎರಡು ಕಾಡತೂಸು ಉರುಳಿದವು. ಸೆಪ್ಟೆಂಬರಿನಲ್ಲಿ ಸಿಗದೇ ಹೋದವು. ಹಸಿರು ಬಡಿದಿತ್ತು. ಸೆರಗಿನಿಂದ ಒರೆಸಿದೆ. ಬುಡದ ಹತ್ತಿರ ಒಂದು ಗೆರೆ, ಕೂದಲಿನಷ್ಟು ಸಣ್ಣದು. ಹೆಬ್ಬೆರಳಿನಿಂದ ಒತ್ತಿದೆ. ಕಡಲೆಯ ಸಿಪ್ಪೆಯ ಹಾಗೆ ಸೀಳಿತು. ಇನ್ನೊಂದು ಒತ್ತುವ ಮೊದಲೇ ಬಾಯಿ ಬಿಟ್ಟಿತು.

ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಬರೆಯಲಿ. ಸೀಳು ಇದ್ದದ್ದು ಹಿತ್ತಾಳೆಯಲ್ಲಿ, ಮಗನ ಕೈಯಲ್ಲಿ ಅಲ್ಲ! ಬೆಂಕಿ ಆ ಸೀಳಿನಿಂದ ಹಿಂದೆ ಬಂದಿದೆ. ಲಾಯದ ಘಾಟು. ಅವರು ಹೇಳಿದ್ದು ಅಕ್ಷರ ಅಕ್ಷರ ನಿಜ.

ಆಮೇಲೆ ವಿಮಲಾಳನ್ನು ಕರೆದೆ. "ನೋಡು, ನಿನ್ನ ಮಗಳು ಮಾಡಿದ್ದು. ಉಚ್ಚಿ ಹೊಯ್ದು ಹೊಯ್ದು ಒಬ್ಬಾಂವನ ಕಣ್ಣು ಕಳೆದಳು, ನನ್ನ ಮಗನ ಅನ್ನ ಕಳೆದಳು."

ಅವಳು ಬಾಗಿಲು ಹಿಡಿದು ನಿಂತಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ಎಂದೂ ಎತ್ತದ ದನಿ ಎತ್ತಿದಳು. "ಜುಲೈದಾಗ ಹಾಸಿಗಿ ಆಚಿ ಖೋಲಿಗೆ ಒಯ್ದೀವಲ್ರಿ ಅತ್ತೀ. ನಾಕು ತಿಂಗಳಾತು. ನಿಮ್ಮ ಟ್ರಂಕ್ ಇವತ್ತೂ ನಾರಾಕತ್ತೈತಿ. ಇದು ಯಾರದು?"

ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು.

ನಾಲಗೆ ಬೆಳೆದಿದೆ ಅವಳಿಗೆ.

ಆದರೆ ಟ್ರಂಕು ನಾರುತ್ತಿರುವುದು ಖರೆ.

ನವೆಂಬರ್ 8

ಮಧ್ಯಾಹ್ನ ಸದಾಶಿವ ಠಾಣೆಯಿಂದ ಬಂದವನು ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿ ನಿಂತ. ಸೀಳಿದ ಹಿತ್ತಾಳೆಯ ಸುದ್ದಿಯನ್ನು ಅವನಿಗೆ ಹೇಳಲು ಎರಡು ದಿನದಿಂದ ಹೊತ್ತು ನೋಡುತ್ತಿದ್ದೆ. ಮೊದಲು ತಲೆನೋವು ಇಳಿಯಲಿ ಎಂದು, ನಮ್ಮವ್ವ ನಮಗೆಲ್ಲ ಮಾಡುತ್ತಿದ್ದ ಔಷಧ ಮಾಡಹೋದೆ. ಒಂದು ಚಿಟಿಕೆ ಸುಣ್ಣ, ಒಂದು ಚಿಟಿಕೆ ನವಸಾಗರ, ಎರಡು ಹನಿ ನೀರು. ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದರೆ ಎಂಥ ತಲೆನೋವೂ ಬಿಡುತ್ತದೆ.

ಟ್ರಂಕಿನ ತಳಕ್ಕೆ ಕೈ ಹಾಕಿದೆ. ನವಸಾಗರದ ಪೊಟ್ಟಣದ ಕಾಗದ ಕರಗಿಹೋಗಿತ್ತು. ನೀರಾಗಿ ಹರಿದು ಸುಣ್ಣದ ಗಂಟಿನ ಬಟ್ಟೆಗೆ ಇಳಿದು ಗಟ್ಟಿಯಾಗಿತ್ತು. ಚೂರು ಮುರಿದುಕೊಂಡು ಬಂದು ಅಂಗೈಯಲ್ಲಿ ತಿಕ್ಕಿದೆ.

ಘಾಟು ಎದ್ದಿತು.

ಟ್ರಂಕಿನ ಘಾಟು. ಜುಲೈ ತಿಂಗಳ ಘಾಟು. ನನ್ನ ಅಂಗೈಯಿಂದ.

ಸದಾಶಿವ ನನ್ನ ಕೈ ಎಳೆದುಕೊಂಡು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದ. ಕಣ್ಣೊರೆಸಿಕೊಂಡ. "ಹಗರಾತು ಅವ್ವಾ" ಎಂದ.

ನಾನು ಬಚ್ಚಲಿಗೆ ಹೋದೆ. ಕೈ ತೊಳೆದೆ. ಸಂಜೆಯತನಕ ಎಷ್ಟು ಸಲ ತೊಳೆದೆನೋ.

ನವೆಂಬರ್ 9

ಬರೆಯುವಂಥದ್ದು ಏನೂ ಇಲ್ಲ.

ನವೆಂಬರ್ 10

ಸುಣ್ಣ ಇಟ್ಟದ್ದು ತಪ್ಪಲ್ಲ. ಅವರೂ ಇಡುತ್ತಿದ್ದರು. ನವಸಾಗರ ಇಟ್ಟದ್ದೂ ತಪ್ಪಲ್ಲ. ಅದು ಕಲಾಯಿಯ ಸಾಮಾನು. ಎರಡೂ ಕೂಡಿ ಥಂಡಿ ತಾಗಿದರೆ ಏಳುವುದು ಲಾಯದ ಘಾಟೇ. ಎರಡನ್ನೂ ಒಂದೇ ಕಡೆ ಬಿಗಿಯಾಗಿ ಮುಚ್ಚಿ ಇಟ್ಟವಳು ನಾನು. ಘಾಟು ಬಂದಾಗ ಕೂಸಿಗೆ ಹೊಡೆದು ಮತ್ತಷ್ಟು ಸುಣ್ಣ ಸುರಿದವಳು ನಾನು. ಹಸಿರು ಕಲೆ ನೋಡಿ ಮಗ ಕೇಳಿದರೆ ಬಾಯಿ ಮುಚ್ಚಿಸಿ, ಸೀಳು ಕಾಣದ ಹಾಗೆ ಬೆಳಗಿ ಕೊಟ್ಟವಳೂ.

ಅಹಮದಾಬಾದಿನವರು ಮದ್ದು ತೂಗಿ ಸರಿಯಾಗಿದೆ ಎಂದು ಬರೆದರೆ ಸದಾಶಿವ ತಾನಾಗಿಯೇ ಬಿಡುಗಡೆಯಾಗುತ್ತಾನೆ. ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ. ಹೀಗೆ ಅಂದುಕೊಂಡು ಬೆಳಗ್ಗೆ ಅನ್ನ ಉಂಡೆ.

ರಾತ್ರಿ ಊಟದ ಹೊತ್ತಿಗೆ ಸದಾಶಿವ ವಿಮಲಾಳಿಗೆ ಹೇಳುತ್ತಿದ್ದ. ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಕಾವಲುಗಾರ ಹನುಮಂತ, ನಮ್ಮ ವಿಜಾಪುರ ಕಡೆಯವನು, ಸೆಪ್ಟೆಂಬರ್ ಕೊನೆಗೆ ನಾನು ಬೆಳಗಿದ ಹಿತ್ತಾಳೆಯಲ್ಲೇ ತುಂಬಿದ ಐದು ಕಾಡತೂಸು ಒಯ್ದಿದ್ದಾನೆ. ಅವು ಜ್ವರದ ಸುದ್ದಿಯ ದಿನ ತುಂಬಿದವಲ್ಲ, ಅದಕ್ಕೆ ಚಿಂತೆಯಿಲ್ಲ ಎಂದ. ದೀಪಾವಳಿಯ ಲಕ್ಷ್ಮೀ ಪೂಜೆಯಾದ ಕೂಡಲೇ ಮಿಲ್ಲಿನ ಅಂಗಳದಲ್ಲಿ ಹನುಮಂತ ಆಕಾಶಕ್ಕೆ ಎರಡು ಹಾರಿಸಬೇಕು, ಪ್ರತಿ ವರ್ಷದ ಪದ್ಧತಿ.

ಲಕ್ಷ್ಮೀ ಪೂಜೆ ನಾಡಿದ್ದು.

ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದೆ. ವಿಮಲಾ ನೀರು ಕೊಟ್ಟಳು.

ನವೆಂಬರ್ 11

ಸೂರತ್ತಿಗೆ ಹೋಗಿ ಬಂದೆವು. ಕಾಲು ಬಾತಿವೆ. ಬರೆದೇ ಮಲಗುತ್ತೇನೆ.

ಬೆಳಗ್ಗೆ ಸದಾಶಿವ ಚಹಾ ಕುಡಿಯುವಾಗ ಸೀಳಿದ ಎರಡು ಕಾಡತೂಸು, ಗಟ್ಟಿಯಾದ ಸುಣ್ಣದ ಗಂಟು ಮುಂದಿಟ್ಟೆ. "ನಿನ್ನ ಕೈ ತಪ್ಪಿಲ್ಲ, ತಮ್ಮಾ. ನನ್ನದು ತಪ್ಪೇತಿ" ಎಂದೆ. ಎಲ್ಲ ಹೇಳಿದೆ. ವಿಮಲಾ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ತಿರುಗಿ ನೋಡಲಿಲ್ಲ. ಆದರೆ ಊದುಗೊಳವೆ ಕೆಳಗಿಟ್ಟಳು.

ಬೈಯುತ್ತಾನೆ ಎಂದುಕೊಂಡಿದ್ದೆ. ಸೀಳಿನೊಳಗೆ ಉಗುರು ಆಡಿಸಿ ನೋಡಿದ. ಆಮೇಲೆ ಅವನಿಗೇ ಹೊಳೆಯಿತು. "ಸೂರತ್!" ಎಂದು ಎದ್ದ.

"ನಾನೂ ಬರತೀನಿ."

"ನೀ ಯಾಕ ಬೇ, ಇಷ್ಟು ಗದ್ದಲದಾಗ?"

"ಕೊಟ್ಟ ಮಾಲು ವಾಪಸ್ ಕೇಳಾಕ ನಿನಗ ಬಾಯಿ ಬರೂದಿಲ್ಲ. ನನಗ ಬರತೈತಿ."

ಹಬ್ಬದ ರೈಲು, ನಿಲ್ಲಲೂ ಜಾಗವಿಲ್ಲ. ಮಿಲ್ಲಿನ ಗೇಟಿಗೆ ಮುಟ್ಟಿದಾಗ ಮಧ್ಯಾಹ್ನ. ಮೋರಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಹನುಮಂತ ಬಂದೂಕಿಗೆ ಎಣ್ಣೆ ಹಚ್ಚಿ, ಐದೂ ಕಾಡತೂಸನ್ನು ಪಟ್ಟಿಯಲ್ಲಿ ಸಿಕ್ಕಿಸಿಕೊಂಡು ಮದುಮಗನ ಹಾಗೆ ಕೂತಿದ್ದ. ದಂಡಿನಲ್ಲಿದ್ದು ಬಂದವನು, ಮೀಸೆಗೂ ಎಣ್ಣೆ. ಕಾಡತೂಸು ವಾಪಸ್ ಕೊಡು ಎಂದೆ.

"ಏನ್ ಬೇ ಯವ್ವಾ, ಮಾರಿದ ಮಾಲು ಕಸಗೊಳ್ಳಾಕ ಬಂದೀಯೇನ? ಹಬ್ಬದ ಫರಾಳ ಏನರ ತಂದಿ ಅಂತ ಮಾಡಿದ್ದೆ!"

"ಫರಾಳ ಆಮ್ಯಾಲೆ ತಿನಸತೀನಿ. ಮೊದಲ ಅವನ್ನ ಬಿಚ್ಚು."

"ಹೋದ ಬುಧವಾರ ಒಂದು ನಾಯಿ ಮ್ಯಾಲೆ ಹಾರಸಬೇಕಂತ ಏರಿಸಿದ್ದೆ, ಪಾಪ ಅಂತ ಬಿಟ್ಟೆ. ಮಸ್ತ್ ಹೊಳಿತಾವ ಬಿಡು, ಯಾವ ಪುಣ್ಯಾತ್ಮ ಬೆಳಗ್ಯಾನ."

"ನಾನೇ ಬೆಳಗೀನಿ" ಎಂದೆ.

ಸದಾಶಿವ ಒಂದೊಂದನ್ನೇ ತೆಗೆದುಕೊಂಡು ಬಿಸಿಲಿಗೆ ಹಿಡಿದ. ನಾಲ್ಕರಲ್ಲಿ ಏನೂ ಕಾಣಲಿಲ್ಲ. ಐದನೆಯದರ ಬುಡದಲ್ಲಿ ಆ ಗೆರೆ. ಹನುಮಂತನಿಗೆ ತೋರಿಸಿದ. ರಣಛೋಡಭಾಯಿಯ ಕಣ್ಣಿನ ಮಾತೂ ಹೇಳಿದ. ಹನುಮಂತನ ನಗು ನಿಂತುಹೋಯಿತು. ಬಲಗಣ್ಣನ್ನು ಮುಷ್ಟಿಯಿಂದ ಒಮ್ಮೆ ತಿಕ್ಕಿಕೊಂಡ. ಒಳಗೆ ಹೋಗಿ ಎರಡು ಲೋಟ ಚಹಾ ತಂದ. ನಾವು ಕುಡಿದು ಮುಗಿಸುವತನಕ ಎದುರಿಗೇ ನಿಂತಿದ್ದ.

ಐದನ್ನೂ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಅಲ್ಲಿಯ ಠಾಣೆಗೆ ಒಪ್ಪಿಸಿ, ಚೀಟಿ ಬರೆಸಿಕೊಂಡು ಬಂದೆವು. ಬರುವಾಗ ಸದಾಶಿವ ನನ್ನ ತಲೆ ತನ್ನ ಹೆಗಲಿಗೆ ಆನಿಸಿಕೊಂಡ. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದೆ.

ನವೆಂಬರ್ 17

ಹಬ್ಬದ ರಜೆ ಮುಗಿದು ಠಾಣೆ ತೆರೆಯಿತು. ಹೋದೆ.

ಬರೆದುಕೊಳ್ಳುವವನು ಹಿಂದಿಯಲ್ಲಿ ಕೇಳಿದ. ಸದಾಶಿವ ಕನ್ನಡ ಮಾಡಿ ಹೇಳಿದ. ನಿನ್ನ ಹೆಸರು? ನಾಗವೇಣಿ. ಗಂಡನ ಹೆಸರು?

ನಮ್ಮಲ್ಲಿ ಹೇಳುವುದಿಲ್ಲ. ಅವರು ಇದ್ದಾಗಲೂ ಹೇಳಿಲ್ಲ, ಹೋದ ಒಂಬತ್ತು ವರ್ಷದಲ್ಲೂ ಹೇಳಿಲ್ಲ. ಜನಗಣತಿಯವರಿಗೂ ಮಗನೇ ಹೇಳಿದ್ದ. ಇವತ್ತೂ ಸದಾಶಿವ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

"ದೊಡ್ಡಣ್ಣ" ಎಂದೆ.

ಹೇಳಿದ ಮೇಲೆ ಉಳಿದದ್ದು ಸಲೀಸಾಗಿ ಬಂತು. ಲಾಯದ ಮಾತನ್ನು ಅವರು ನನಗೆ ಹೇಳಿದ್ದರು, ನಾನು ನಕ್ಕಿದ್ದೆ, ಅದನ್ನೂ ಬರೆದುಕೋ ಎಂದೆ. ಅದು ಬೇಕಾಗಿಲ್ಲ ಎಂದ. ಬೇಕು ಎಂದೆ. ಬರೆದುಕೊಂಡ. ಹೆಬ್ಬೆಟ್ಟು ಒತ್ತಲು ಶಾಯಿ ತಂದರು. ಬೇಡ, ನನಗೆ ಬರುತ್ತದೆ ಎಂದು ಕನ್ನಡದಲ್ಲಿ ಸಹಿ ಮಾಡಿದೆ.

ಅಹಮದಾಬಾದಿಗೆ ಮತ್ತೊಂದು ಪತ್ರ ಹೋಗುತ್ತದಂತೆ, ಮದ್ದಿನ ಜೊತೆ ಹಿತ್ತಾಳೆಯನ್ನೂ ನೋಡಿರಿ ಎಂದು. ಮುಂದೆ ಏನಾಗುತ್ತದೆ ಎಂದು ಅವನೂ ಹೇಳಲಿಲ್ಲ.

ನವೆಂಬರ್ 20

ರಣಛೋಡಭಾಯಿಯ ಊರಿಗೆ ಹೋದೆವು. ಬೇಡ ಎಂದರು ಫರಾಮ್ಜಿ ಶೇಠ್. ಖಟ್ಲೆ ಇರುವಾಗ ಹೋಗಬಾರದಂತೆ. ಹೋದೆವು.

ಹುಣಸೆ ಮರದ ಕೆಳಗೆ ಹುರಿಮಂಚದ ಮೇಲೆ ಕೂತಿದ್ದ. ನಮ್ಮ ಸದಾಶಿವನದೇ ವಯಸ್ಸು. ಪಟ್ಟಿ ಬಿಚ್ಚಿದ್ದರು. ನನ್ನನ್ನು ನೋಡಲು ಮುಖವನ್ನೆಲ್ಲ ತಿರುಗಿಸಬೇಕಾಯಿತು. ಅವನ ಹೆಂಡತಿ ನೀರು ತಂದುಕೊಟ್ಟು ಕಂಬದ ಹಿಂದೆ ನಿಂತಳು.

ನಾನು ಹೇಳಿದೆ. ಸದಾಶಿವ ಅದನ್ನು ಗುಜರಾತಿಯಲ್ಲಿ ಹೇಳಿದ. ಮಧ್ಯೆ ಒಮ್ಮೆ ನನ್ನ ತಪ್ಪನ್ನು ಸಣ್ಣದು ಮಾಡಿ ಹೇಳುತ್ತಿದ್ದಾನೆ ಎನಿಸಿತು. "ಇದ್ದದ್ದು ಇದ್ದಂಗ ಹೇಳು" ಎಂದು ಗದರಿದೆ.

ಕೇಳಿ ಮುಗಿಸಿ ಅವನು ಹೊಲದ ಕಡೆ ಮುಖ ತಿರುಗಿಸಿದ. ಆಮೇಲೆ ನಿಧಾನ ಮಾತಾಡಿದ. ಸದಾಶಿವ ನನಗೆ ಹೇಳಿದ: "ಅವತ್ತು ನಳಿಗಿ ಒರಸಿರಲಿಲ್ಲಂತ ಅವ್ವಾ. ಹೆಂಡತಿ ಒರಸಿ ಹೋಗು ಅಂದಿದ್ದಳಂತ. ಒರಸದ ಹೋಗಿದ್ದಕ್ಕ ಹಿಂಗಾತು ಅಂತ ಇಷ್ಟು ದಿನ ತಿಳಕೊಂಡಿದ್ದನಂತ. ಪೊಲೀಸರಿಗೆ ಹೇಳಾಕ ನಾಚಿಕಿ ಆಗಿ ಸುಮ್ಮನಿದ್ದನಂತ."

ಕಂಬದ ಹಿಂದಿನಿಂದ ಅವಳು ಅಳುವುದು ಕೇಳಿಸಿತು.

ಸದಾಶಿವ ತನ್ನ ಕೈಯನ್ನು ಬೈದುಕೊಂಡ. ಈ ಮನುಷ್ಯ ತನ್ನ ಸೋಮಾರಿತನವನ್ನು ಬೈದುಕೊಂಡ. ನಾನು ಯಾರು ಯಾರನ್ನು ಬೈದೆ ಎಂಬುದು ಈ ಪುಸ್ತಕದ ಹಿಂದಿನ ಹಾಳೆಗಳಲ್ಲಿದೆ. ಹರಿದು ಹಾಕಬೇಕೆನ್ನಿಸಿತು. ಹರಿಯಲಿಲ್ಲ.

ಹೊರಡುವಾಗ ರಣಛೋಡಭಾಯಿ "ಕ್ಷಮಿಸಿದೆ" ಎಂದೇನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅದು ಕೇಳಿ ಪಡೆಯುವಂಥದ್ದಲ್ಲ. ಊರ ಬಾಗಿಲತನಕ ನಡೆದು ಬಂದ. ಬಲಗಡೆ ಕಲ್ಲು ಕಾಣದೆ ಎಡವಿದ. ಅಷ್ಟೇ.

ಡಿಸೆಂಬರ್ 4

ಅಹಮದಾಬಾದಿನಿಂದ ಇನ್ನೂ ಏನೂ ಬಂದಿಲ್ಲ. ಅಂಗಡಿಗೆ ಮೊಹರು ಹಾಗೇ ಇದೆ. ಸದಾಶಿವ ಮಕರಪುರಕ್ಕೆ ಹೋಗುವುದನ್ನು ಮುಂದೂಡಿದ್ದಾನೆ. ನಿನ್ನೆ ಪಕ್ಕದ ಮನೆಯ ಕೆಟ್ಟ ಬೀಗ ಕಟ್ಟೆಯ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದ. ಸಣ್ಣ ಸಣ್ಣ ಚೂರುಗಳು. ಒಂದೊಂದನ್ನೂ ತಡವರಿಸದೆ ಜೋಡಿಸಿದ. ನಾನು ಒಳಗಿನಿಂದ ನೋಡಿದೆ.

ಇವತ್ತು ಟ್ರಂಕು ತೊಳೆದು ಬಿಸಿಲಿಗೆ ಮುಚ್ಚಳ ತೆರೆದಿಟ್ಟೆ. ಕುಂಕುಮದ ಭರಣಿಯ ಮುಚ್ಚಳವೂ ಸೀಳಿದೆ. ಇರಲಿ. ಕಲಾಯಿಯವ ಬಂದು ಹೋದ ಮೇಲೆ ಅವನು ತಂದ ನವಸಾಗರ ಸ್ವಲ್ಪ ಉಳಿಯಿತು. ಅವನು ಸರಿಯಾಗಿಯೇ ಹಾಕುತ್ತಾನೆ, ನಾನೇ ನೋಡಿರಲಿಲ್ಲ. ಉಳಿದದ್ದನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ವಿಮಲಾ, ಇದನ್ನ ಎಲ್ಲಿಡಲವ್ವಾ?"

ಅವಳು ಹಿಟ್ಟಿನ ಕೈಯಲ್ಲೇ ಹಲಗೆ ತೋರಿಸಿದಳು. ಜೂನ್ ತಿಂಗಳಲ್ಲಿ ತೋರಿಸಿದ್ದ ಅದೇ ಹಲಗೆ. ಗಾಳಿ ಆಡುವ ಜಾಗ. ಇಟ್ಟೆ.

ನಳಿನಿ ಖಾಲಿ ಟ್ರಂಕಿನೊಳಗೆ ಇಳಿದು ಕೂತು ರೈಲು ಬಿಡುತ್ತಿದ್ದಳು. ಅವಳ ಪಕ್ಕ ನೆಲಕ್ಕೆ ಕೂತೆ. ಮಂಡಿ ಕಟಕಟ ಎಂದಿತು.

"ನೀ ಮಾಡಿರಲಿಲ್ಲವ್ವ" ಎಂದೆ.

"ಶುಂ, ಆಯಿ?" ಎಂದಳು. ಏನು ಎಂದು.

ಏನು ಎಂದು ಹೇಳಲಿ? ಅವಳಿಗೆ ನೆನಪೇ ಇಲ್ಲ. ಬೆನ್ನು ಸವರಿದೆ. ಅವಳು ನನ್ನ ಕೈ ಹಿಡಿದು ಎಳೆದು, ಟಿಕೆಟ್ ಬೇಕು, ಇದು ಸೂರತ್ ಗಾಡಿ ಎಂದಳು. ತೆರೆದ ಅಂಗೈ ಅವಳ ಮುಂದೆ ಹಿಡಿದೆ. ಅದರಲ್ಲಿ ಏನೂ ಇರಲಿಲ್ಲ. ಅವಳು ಆ ಇಲ್ಲದ ಟಿಕೆಟನ್ನೇ ಎತ್ತಿಕೊಂಡು ಜೇಬಿಗೆ ಹಾಕಿಕೊಂಡಳು.